ಸಮುದ್ರದ ಮೀನಿನ ಪೆಟ್ಟಿಗೆ

ಭೀಮೆಯ ಯಾದಗಿರಿ ಕಡೆಯ ದಡದಲ್ಲಿ ಹಣಮಂತ್ರಾಯ ಹರಿಗೋಲಿನ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಜವಾನ ಸುಲ್ತಾನಸಾಬ ಬೇವಿನ ನೆರಳಿನಲ್ಲಿ ಕಾಲು ಚಾಚಿ, ಇನ್ನೂ ಬಾರದ ಮೀನಿನ ವರ್ಣನೆಗೆ ತೊಡಗಿದ್ದ. ಮೀನು ಮುಂಬಯಿಯಿಂದ ರೈಲಿನಲ್ಲಿ ಬರುತ್ತಿತ್ತು. ಅದು ಹೊಳೆ ದಾಟಿ, ಶಹಾಪುರದ ಕಡೆಯ ಒಬ್ಬ ಸಾಹೇಬರ ದಾವತ್ತಿಗೆ ಹೋಗಬೇಕಿತ್ತು.

“ಪಾಪ್ಲೇಟ್ ಅಂತಾರಲ್ಲ, ಅದರ ದಾಯಾದಿ ಇದು. ತಾಟಿನಂಗ ಅಗಲ, ಬೆಳ್ಳಿ ಬಣ್ಣ, ಹೊಟ್ಟಿ ಕೆಳಗ ಅರಿಷಿಣ ಬಳದಂಗ ಹಳದಿ. ಬರಫ್‌ನ್ಯಾಗ ಇಟ್ಟು ಕಳಿಸ್ಯಾರ.”

“ನಮ್ಮ ಭೀಮಿ ಬಾಳಿಮೀನ ಏನ್ ಪಾಪ ಮಾಡಿದ್ವು ಸಾಬ್ರ? ಮುಂಜಾನೆ ಹೇಳಿದ್ರ ಮಧ್ಯಾಹ್ನಕ್ಕ ಜಿಗದಾಡೋದು ತಂದು ಕೊಡ್ತಿದ್ನಿ.”

“ಹೊಳಿ ಮೀನ ನಿನ್ನಂಥಾವ್ರು ತಿಂತಾರ. ದೊಡ್ಡೋರಿಗಿ ದೂರಿಂದು ಬೇಕಪಾ.”

ಇಬ್ಬರೂ ನಕ್ಕರು. ತುಸು ದೂರದಲ್ಲಿ ನಿಂತಿದ್ದ ಪೊಲೀಸ್ ಪಾಟೀಲ ಶಾಂತಪ್ಪಗೌಡರು ಮಾತ್ರ ನಗಲಿಲ್ಲ. ಸರಕಾರದ ಹೊರೆ ಬಂದಾಗ ಊರಿನಿಂದ ಬಿಟ್ಟಿ ಆಳು ಒದಗಿಸುವುದು ಅವರ ಪಾಲಿನ ಕೆಲಸ. ಒಂದು ಊರಿನವರು ಹೊತ್ತು ಮುಂದಿನ ಊರಿನ ಗಡಿಯಲ್ಲಿ ಇಳಿಸಬೇಕು, ಅಲ್ಲಿಂದ ಆ ಊರಿನವರು ಹೊರಬೇಕು. ಕೂಲಿ ಇಲ್ಲ, ಒಲ್ಲೆ ಎನ್ನುವಂತೆಯೂ ಇಲ್ಲ. ಹರಿಗೋಲಿಗೂ ಅದೇ ಕಟ್ಟಳೆ. ಸರಕಾರದ ಸಾಮಾನು ಬರುವುದಿದ್ದರೆ ಬೇರೆ ಯಾರನ್ನೂ ಹತ್ತಿಸಿಕೊಳ್ಳಬಾರದು. ಇವತ್ತಿನ ಪಾಳಿ ಹಣಮಂತ್ರಾಯನದು, ದಾಟಿಸುವುದೂ ಅವನೇ, ಗಡಿ ತನಕ ಹೊರುವುದೂ ಅವನೇ.

ಹಣಮಂತ್ರಾಯ ಒಮ್ಮೆಲೇ ಹುಟ್ಟು ಹಿಡಿದು ಎದ್ದು ನಿಂತ. ಆಚೆ, ಅವರ ಊರಿನ ದಡದಲ್ಲಿ ಬಿಳಿ ಬಟ್ಟೆಯೊಂದು ಅಲುಗುತ್ತಿತ್ತು.

“ಗೌಡ್ರ, ಮಲ್ಲಿಕಮ್ಮ ಬಟ್ಟಿ ಬೀಸಾಕತ್ಯಾಳ!”

ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ರೇಣಮ್ಮನಿಗೆ ಹಿಂದಿನ ದಿನದಿಂದಲೂ ಬೇನೆ. ಕೂಸು ಅಡ್ಡ ತಿರುಗಿದೆ ಎಂಬ ಅನುಮಾನವಿತ್ತು. ಕೈಮೀರಿದರೆ ದಡಕ್ಕೆ ಬಂದು ಬಟ್ಟೆ ಬೀಸುತ್ತೇನೆ, ಯಾದಗಿರಿ ದವಾಖಾನೆಗೆ ಒಯ್ಯೋಣ ಎಂದು ಹೆಂಡತಿ ಮಲ್ಲಿಕಮ್ಮ ಮುಂಜಾನೆಯೇ ಹೇಳಿ ಕಳಿಸಿದ್ದಳು. ಹೊಳೆ ತುಂಬಿತ್ತು. ಊರಿನ ಇನ್ನೊಂದು ಹರಿಗೋಲಿನ ಚರ್ಮ ಹರಿದು ಅದು ಮೂಲೆ ಸೇರಿತ್ತು.

“ಒಂದ್ ಸಲ ಹೋಗಿ ಕರಕೊಂಡು ಬರ್ತೀನ್ರಿ, ಎಪ್ಪಾ. ಕಾಲಿಗಿ ಬೀಳ್ತೀನಿ.”

ಗೌಡರು ಸುಲ್ತಾನಸಾಬನ ಮುಖ ನೋಡಿದರು. ಅವನು ಕಣ್ಣು ತಪ್ಪಿಸಿದ. “ನನ್ನ ಕೇಳಬ್ಯಾಡ್ರಿ. ಬರಫ್ ಕರಗಿತಂದ್ರ ನನ್ನ ಬೆನ್ನಿನ ತೊಗಲು ಸುಲೀತಾರ. ಹುಕುಂ ನಿಮ್ಮ ಹೆಸರಿಗಿ ಐತಿ.”

“ಗಾಡಿ ಬರೋ ಹೊತ್ತಾಗೇತಿ, ಹಣಮಂತ್ರಾಯ,” ಎಂದರು ಗೌಡರು. “ನೀ ನಡು ಹೊಳ್ಯಾಗ ಇದ್ದಾಗ ಪೆಟ್ಟಿಗಿ ಬಂತಂದ್ರ ನಾ ಏನ್ ಹೇಳ್ಲಿ? ಬಾಜೂ ಊರಿನ ಗೌಡನ್ನ ಬಿಸಿಲಾಗ ನಿಂದರ್ಸಿದ್ದು ಮರ್ತಿಯೇನು? ಚೊಚ್ಚಲ ಬ್ಯಾನಿ, ತಡಾನ ಆಗ್ತದ. ಮೀನ ದಾಟಿಸಿ ಆಮ್ಯಾಲ ಕರಕೊಂಡು ಬಾ.”

“ಮೀನ ಸತ್ತಾವ್ರಿ ಗೌಡ್ರ. ಆಕಿ ಜೀವಂತ ಅದಾಳ.”

ಗೌಡರಿಗೆ ಸಿಟ್ಟು ಬಂತು. “ಬಾಯಿ ಬಂದ್ ಮಾಡು! ಕುಂದ್ರು ಸುಮ್ಮನ!”

ಹಣಮಂತ್ರಾಯ ಕೂತ. ಕೈಯಲ್ಲಿನ ಹುಟ್ಟನ್ನು ಮಾತ್ರ ಕೆಳಗಿಡಲಿಲ್ಲ.

ರೈಲು ತಡವಾಯಿತು. ಆಚೆ ದಡದ ಬಟ್ಟೆ ಬೀಸುತ್ತಲೇ ಇತ್ತು, ಆಮೇಲೆ ನಿಂತುಹೋಯಿತು.

“ಕೂಸು ಹುಟ್ಟಿರಬೇಕು ತಗೋ,” ಎಂದರು ಗೌಡರು. ಹೇಳಿ, ತಾವೇ ನಂಬಲು ನೋಡಿದರು.

ಹೊತ್ತು ಇಳಿಯುವಾಗ ಎತ್ತಿನ ಬಂಡಿ ಬಂತು. ಬಂಡಿ ನಿಲ್ಲುವ ಮೊದಲೇ ನಾತ ಮೂಗಿಗೆ ಬಡಿಯಿತು. ಸುಲ್ತಾನಸಾಬ ಮುಚ್ಚಳ ಎತ್ತಿ ನೋಡಿದ. ಬರಫ್ ಎಲ್ಲಾ ನೀರಾಗಿತ್ತು. ಬೆಳ್ಳಿಯ ಮೀನುಗಳು ಕಪ್ಪಾಗಿ ಹೊಟ್ಟೆ ಒಡೆದಿದ್ದವು.

“ತೌಬಾ ತೌಬಾ! ನಾಯಿ ಸೈತ ಮೂಸಂಗಿಲ್ಲ.”

“ಹಂಗಾದ್ರ ಹೊಳಿಗಿ ಒಗದ್ ಬಿಡೂನು,” ಎಂದರು ಗೌಡರು.

“ಒಗದ್ರ ನಾವು ತಿಂದ್ವಿ ಅಂತಾರ್ರಿ. ಕೊಳತಿರಲಿ, ಹುಳ ಬಿದ್ದಿರಲಿ, ಪೆಟ್ಟಿಗಿ ಮುಟ್ಟಬೇಕು.”

ಪೆಟ್ಟಿಗೆ ಏರಿಸಿ ಮೂವರೂ ಹತ್ತಿದರು, ಹಣಮಂತ್ರಾಯ ಆಚೆ ದಡ ನೋಡುತ್ತಲೇ ಹುಟ್ಟು ಹಾಕಿದ. ದಡದಲ್ಲಿ ಹೊರಸಿನ ಮೇಲೆ ರೇಣಮ್ಮನನ್ನು ಮಲಗಿಸಿ ಮುಖವೂ ಮುಚ್ಚುವಂತೆ ಕೌದಿ ಹೊದಿಸಿದ್ದರು. ಮಲ್ಲಿಕಮ್ಮ ಮಗಳ ಪಾದ ಹಿಡಿದು ಕೂತಿದ್ದಳು. ಗಂಡನನ್ನು ನೋಡಿ, ಅಳು ಮುಗಿದ ದನಿಯಲ್ಲಿ ಹೇಳಿದಳು: “ಅಪ್ಪ ಬಂದನೇನು, ಅಪ್ಪ ಬಂದನೇನು ಅಂತ ಕೇಳ್ಕೋತನ ಹೋದ್ಲು. ಕೂಸೂ ಹೋತು.”

ಹಣಮಂತ್ರಾಯನ ಕೈಗಳು ತಮಗೆ ಗೊತ್ತಿದ್ದ ಕೆಲಸ ಮಾಡತೊಡಗಿದವು. ಹರಿಗೋಲನ್ನು ಮೇಲಕ್ಕೆಳೆದ, ಟವಲು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟ, ಪೆಟ್ಟಿಗೆ ಹೊತ್ತು ಶಹಾಪುರದ ದಾರಿಗೆ ತಿರುಗಿದ.

“ಎಲ್ಲಿಗ್ಯೋ?” ಎಂದರು ಗೌಡರು.

“ಗಡಿ ತನಕ ಹೊರಬೇಕಲ್ರಿ, ಗೌಡ್ರ. ಇಳಿಸಿ ಬಂದು ಮಣ್ಣು ಮಾಡ್ತೀನಿ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ, ಕಲ್ಲೆತ್ತಿ ಹೊಡೆದಿದ್ದರೆ ಗೌಡರಿಗೆ ತಡೆದುಕೊಳ್ಳಲು ಆಗುತ್ತಿತ್ತೇನೋ. ಹೆದರಿಕೆ ಈ ಮನುಷ್ಯನ ಮೈಯೊಳಗೆ ಎಷ್ಟು ಆಳ ಇಳಿದಿದೆ ಎಂಬುದು, ಅದನ್ನು ಇಳಿಸಿದವರಲ್ಲಿ ತಾವೂ ಒಬ್ಬರು ಎಂಬುದು ಅವರಿಗೆ ಆಗ ಕಂಡಿತು.

ಗೌಡರು ಲಿಂಗಧಾರಿಗಳು, ಮೀನು ಬೇಯುವ ಓಣಿಯಲ್ಲಿ ನಿಂತವರಲ್ಲ. ಎರಡೂ ಕೈಯಿಂದ ಪೆಟ್ಟಿಗೆಯನ್ನು ಹಣಮಂತ್ರಾಯನ ತಲೆಯಿಂದ ಇಳಿಸಿ ತಮ್ಮ ರುಮಾಲಿನ ಮೇಲೆ ಇಟ್ಟುಕೊಂಡರು. ಕೊಳೆತ ನೀರು ಕಿವಿಯ ಹಿಂದಿನಿಂದ ಇಳಿದು, ಅಂಗಿಯೊಳಗಿನ ಲಿಂಗದ ಕರಡಿಗೆಯನ್ನೂ ತೋಯಿಸಿತು.

“ಯಾ ಅಲ್ಲಾ! ಇದೇನ್ರಿ ಗೌಡ್ರ? ಬ್ಯಾರೆ ಆಳು ಕರೀರಿ!” ಎಂದ ಸುಲ್ತಾನಸಾಬ.

“ನಮ್ಮೂರಾಗ ಬಿಟ್ಟಿ ಆಳು ಇನ್ನ ಮ್ಯಾಲ ನಾ ಒಬ್ಬಾವನ, ಸಾಬ್ರ. ಕೇಳಿದ್ರ ಹಂಗ ಹೇಳ್ರಿ.” ಹಣಮಂತ್ರಾಯನ ಕಡೆ ನೋಡಲಾಗದೆ ನೆಲ ನೋಡುತ್ತ ಅಂದರು, “ನೀ ಮಗಳ ಹತ್ರ ಹೋಗೋ, ತಮ್ಮಾ.”

ಹೆಜ್ಜೆ ಇಟ್ಟ ಮೇಲೆ, ಹಣಮಂತ್ರಾಯ ಅತ್ತದ್ದು ಹಿಂದಿನಿಂದ ಕೇಳಿಸಿತು. ಗೌಡರು ತಿರುಗಲಿಲ್ಲ. ಪೆಟ್ಟಿಗೆ ಭಾರವಿತ್ತು. ಗಡಿ ಇನ್ನೂ ದೂರವಿತ್ತು.