ಏಳನೆಯ ಹಾಳೆಯ ಅಂಚು

ಅಜ್ಜಿಯ ತೋರುಬೆರಳು ನಕ್ಷೆಯ ಮೇಲೆ ಮೂರನೆಯ ಸಲ ಅದೇ ದಾರಿ ಹಿಡಿಯಿತು. ನೀರಿನ ಟ್ಯಾಂಕಿನಿಂದ ಹೊರಟು, ಹಳೆಯ ಅಂಚೆ ಕಚೇರಿ ದಾಟಿ, ಹಿಟ್ಟಿನ ಗಿರಣಿಯ ಮೂಲೆಯಲ್ಲಿ ಎಡಕ್ಕೆ ತಿರುಗಿ, ಅಲ್ಲಿ ಗೋಡೆಗೆ ಹಾಯ್ದವರಂತೆ ನಿಂತುಬಿಟ್ಟಿತು. ವರ್ಷಗಟ್ಟಲೆ ಹಗ್ಗದ ನಾರು ಹೊಸೆದು ಹೊಸೆದು ರೇಖೆಗಳೆಲ್ಲ ಸವೆದುಹೋಗಿದ್ದ ಬೆರಳು ಅದು.

"ಇಲ್ಲೇ ತಿರುಗಬೇಕು ನೋಡಿ," ಎಂದಳು. "ಗಿರಣಿ ದಾಟಿದ ಕೂಡಲೇ ಎಡಕ್ಕೆ. ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರ್ತೀನಿ. ಈ ಕಾಗದದೊಳಗೆ ಮಾತ್ರ ಸಿಗ್ತಾ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಬಾಯಿಬಿಟ್ಟು ಆಕಳಿಸಿದರು. ಇದು ನಾಲ್ಕನೆಯ ಸಭೆ. ಮೊದಲ ಸಭೆಗೆ ಕುರ್ಚಿ ಸಾಲದೆ ಜನ ಕಿಟಕಿಯಲ್ಲಿ ಕೂತಿದ್ದರು. ಇಂದು ಅರ್ಧ ಕುರ್ಚಿಗಳ ಮೇಲೆ ಕೊಡೆ, ಚೀಲಗಳು ಕೂತಿದ್ದವು. ಊರಿನ ಹಳೆಯ ಪೇಟೆಗೆ ಹೊಸ ನಿಯಮ ಬರುವುದಿತ್ತು. ಕಚೇರಿಯ ಹಳೆಯ ನಕ್ಷೆಯಲ್ಲಿ ಇರುವ ಮನೆ, ಬೀದಿಗಳೆಲ್ಲ ಪರಂಪರೆಯ ಸ್ವತ್ತು, ಅವನ್ನು ಮುಟ್ಟುವ ಹಾಗಿಲ್ಲ. ನಕ್ಷೆಯಲ್ಲಿ ಇಲ್ಲದ್ದು ಆಮೇಲೆ ಎದ್ದ ಒತ್ತುವರಿ, ರಸ್ತೆ ಅಗಲವಾಗುವಾಗ ತೆರವಾಗಬೇಕು. ಜನರ ಅಭಿಪ್ರಾಯ ಕೇಳಲು ಇಂದೇ ಕಡೆಯ ದಿನ. ಸಂಜೆ ಐದಕ್ಕೆ ಸಲಹೆಯ ಪುಸ್ತಕ ಮುಚ್ಚುತ್ತಿತ್ತು.

"ಅಜ್ಜೀ," ಎಂದು ಎರಡನೆಯ ಸಾಲಿನಿಂದ ದರ್ಜಿ ಕೂಗಿದ. "ನಿಮ್ಮ ಓಣೀನ ನೀವೇ ಹೊಸೆದು ಸುತ್ತಿ ಎಲ್ಲೋ ಇಟ್ಟಿರಬೇಕು. ಅಟ್ಟದ ಮೇಲೆ ಹುಡುಕಿ."

"ಸುತ್ತಿಟ್ಟಿದ್ರೆ ನಿನ್ನ ಬಾಯಿ ಕಟ್ಟೋಕೆ ಒಂದು ತುಂಡು ತರ್ತಿದ್ದೆ," ಎಂದಳು ಅಜ್ಜಿ, ನಕ್ಷೆಯಿಂದ ಮುಖ ಎತ್ತದೆ.

ಜನ ನಕ್ಕರು. ನಗದವರು ಒಬ್ಬರೇ, ನಕ್ಷೆಯ ಪಕ್ಕದಲ್ಲಿ ಉದ್ದನೆಯ ಕೋಲು ಹಿಡಿದು ನಿಂತಿದ್ದ ಗೆರೆ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ, ಹೊಸದಾಗಿ ಬಂದವರಿಗೆಲ್ಲ "ಗೆರೆ ಅಂದರೆ ಮಾತು ಕೊಟ್ಟ ಹಾಗೆ, ನಡುಗಬಾರದು" ಎಂದು ಗದರಿಸಿ ಗದರಿಸಿ ಆ ಹೆಸರು ಪಡೆದವರು. ನಿವೃತ್ತಿಗೆ ಇನ್ನು ಎರಡು ತಿಂಗಳಿತ್ತು. ಆದೇಶ ಕೈಗೆ ಬಂದ ಮೇಲೆ ಒಂದು ವರ್ಷ ಬರೀ ನಿದ್ದೆ ಮಾಡುತ್ತೇನೆ ಎಂದು ಹೆಂಡತಿಗೆ ಹೇಳಿದ್ದರು. ತಮಾಷೆಗೆ ಹೇಳಿದ ಮಾತಲ್ಲ. ಬೆಳಗ್ಗೆ ಎದ್ದು ದೇವರ ಮುಂದೆ ಕೈ ಮುಗಿದಾಗಲೂ ಈಚೆಗೆ ಅವರ ಬಾಯಿಗೆ ಬರುತ್ತಿದ್ದುದು ಸಾಕಪ್ಪಾ ಎಂಬ ಒಂದೇ ಶಬ್ದ.

"ತಮ್ಮಾ," ಅಜ್ಜಿ ಅವರ ಕಡೆ ತಿರುಗಿದಳು. "ನಿನ್ನ ಕನ್ನಡಕ ಒಂದು ಗಳಿಗೆ ಕೊಡ್ತೀಯಾ? ನನ್ನ ಕಣ್ಣು ಮೊದಲಿನ ಹಾಗಿಲ್ಲ."

ಮೇಷ್ಟ್ರು ಕನ್ನಡಕ ತೆಗೆದುಕೊಟ್ಟರು. ಅಜ್ಜಿ ಅದನ್ನು ಸೆರಗಿನಿಂದ ಒರೆಸಿ, ಕಿವಿಗೆ ಸಿಕ್ಕಿಸಿಕೊಂಡು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದಳು. ಟ್ಯಾಂಕು, ಅಂಚೆ ಕಚೇರಿ, ಗಿರಣಿ. ಬೆರಳು ಅದೇ ಗೆರೆಯ ಮೇಲೆ ನಿಂತಿತು. ಎಷ್ಟೋ ಹೊತ್ತು ನಿಂತಿತು. ಆಮೇಲೆ ಕನ್ನಡಕ ತೆಗೆದು, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು.

"ಕನ್ನಡಕ ಒಳ್ಳೇದಿದೆ. ನನ್ನ ಕಣ್ಣೇ ಹೋಗಿದೆ ಅಂತ ಕಾಣ್ತದೆ. ಎಲ್ಲರ ಹೊತ್ತೂ ಹಾಳು ಮಾಡಿದೆ, ಬೇಜಾರು ಮಾಡಿಕೋಬೇಡಿ."

ವೇದಿಕೆಯ ಮೇಲಿದ್ದ ಅಧಿಕಾರಿ ತಲೆಯೆತ್ತಿದರು. ವಯಸ್ಸಿನಲ್ಲಿ ಮೇಷ್ಟ್ರ ಮಗಳಷ್ಟಿದ್ದ ಅವರ ಕಣ್ಣ ಸುತ್ತ ನಾಲ್ಕು ಸಭೆಗಳ ಆಯಾಸ ಕಪ್ಪುಗಟ್ಟಿತ್ತು. "ನಿಮ್ಮ ಓಣಿಯಲ್ಲಿ ಎಷ್ಟು ಮನೆ ಅಜ್ಜಿ? ಏನಾದರೂ ದಾಖಲೆ ಇದೆಯಾ?"

"ಹನ್ನೊಂದು ಮನೆ. ನಮ್ಮತ್ತೆಯ ಅತ್ತೆ ಹಗ್ಗ ಹೊಸೆದಿದ್ದೂ ಅಲ್ಲೇ. ದಾಖಲೆ ಅಂದ್ರೆ, ಬರೋ ಕಾಗದಗಳಲ್ಲೆಲ್ಲ 'ಗಿರಣಿಯ ಹಿಂದೆ' ಅಂತಲೇ ಇರ್ತದೆ. ಅಂಚೆಯವನಿಗೆ ಅಷ್ಟು ಸಾಕು."

ಅಧಿಕಾರಿ ಪುಸ್ತಕದಲ್ಲಿ ಏನೋ ಬರೆದರು. ತಲೆಕೆಳಗಾಗಿ ಕಂಡರೂ ಮೇಷ್ಟ್ರು ಓದಿದರು. ಅಕ್ಷರ ಯಾವ ಕಡೆಯಿಂದ ಕಂಡರೂ ಓದುವುದು ಅವರ ಕಸುಬಿನ ಅಭ್ಯಾಸ. 'ದಾಖಲೆ ಇಲ್ಲ. ನಕ್ಷೆಯಲ್ಲಿ ಕಾಣಿಸದು.'

ಚಹಾಕ್ಕೆ ಬಿಡುವು ಕೊಟ್ಟರು.

ಮೇಷ್ಟ್ರು ಲೋಟ ಹಿಡಿದು ಜಗುಲಿಯ ಕಂಬಕ್ಕೆ ಒರಗಿದರು. ಆ ಗೆರೆ ಅವರಿಗೆ ಗೊತ್ತಿತ್ತು. ಮೂವತ್ತೊಂದು ವರ್ಷದ ಕೆಳಗೆ ಎಳೆದದ್ದು. ಅಳತೆಯವರು ಪೇಟೆಯನ್ನು ಹಾಳೆ ಹಾಳೆಯಾಗಿ ಅಳೆದು ಕಳಿಸುತ್ತಿದ್ದರು. ಅವನ್ನು ಪಕ್ಕಪಕ್ಕಕ್ಕೆ ಹೊಂದಿಸಿ ಒಂದೇ ನಕ್ಷೆ ಮಾಡುವುದು ಮೇಷ್ಟ್ರ ಕೆಲಸ. ಏಳನೆಯ ಹಾಳೆ ಗಿರಣಿಯ ಹಿಂಗೋಡೆಗೆ ಮುಗಿದಿತ್ತು. ಎಂಟನೆಯದು ಅದರಾಚೆಯ ಉಗ್ರಾಣದ ಗೋಡೆಯಿಂದ ಶುರುವಾಗಿತ್ತು. ನಡುವೆ ಇದ್ದದ್ದನ್ನು ಏಳರವರು ಎಂಟಕ್ಕೆ ಬಿಟ್ಟಿದ್ದರು, ಎಂಟರವರು ಏಳಕ್ಕೆ. ಹೊಂದಿಸಿದಾಗ ಎರಡು ಬೆರಳಗಲ ಖಾಲಿ ಉಳಿಯಿತು. ಅಳತೆಯವರು ಆಗಲೇ ಬೇರೆ ಊರಿಗೆ ಹೋಗಿಯಾಗಿತ್ತು, ಮೇಲಿನವರು ಸಂಜೆಯೊಳಗೆ ನಕ್ಷೆ ಬೇಕೆಂದು ಕೂತಿದ್ದರು. ಮೇಷ್ಟ್ರು ಎರಡು ಹಾಳೆಗಳನ್ನೂ ಒಂದಕ್ಕೊಂದು ಜರುಗಿಸಿ, ಎರಡು ಗೋಡೆಗಳನ್ನು ಒಂದೇ ಗೆರೆ ಮಾಡಿ, ಉಳಿದ ವ್ಯತ್ಯಾಸವನ್ನು ಸುತ್ತಲಿನ ಬೀದಿಗಳಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಂಚಿಬಿಟ್ಟರು. ನಾಳೆ ಹೋಗಿ ನೋಡಿ ಸರಿಮಾಡಿದರಾಯಿತು ಅಂದುಕೊಂಡಿದ್ದರು. ಆಮೇಲೆ ಆ ನಕ್ಷೆಯನ್ನು ಅವರ ಕೈಯೇ ಮೂರು ಸಲ ಹೊಸದಾಗಿ ತೆಗೆಯಿತು. ಮೂರು ಸಲವೂ ಪೆನ್ನು ಅಲ್ಲಿಗೆ ಬಂದಾಗ ಒಂದು ಕ್ಷಣ ತಡೆದು ಮುಂದೆ ಹೋಗಿತ್ತು. ನೆಲ ಮಾಡಿದ ದೇವರಿಗೆ ಹಾಳೆಯ ಅಂಚು ಎಂಬುದಿಲ್ಲ. ಅಂಚು ಇರುವುದು ದಣಿದು ಮನೆಗೆ ಹೋಗಬೇಕಾದವರಿಗೆ.

ಅಧಿಕಾರಿ ಪಕ್ಕಕ್ಕೆ ಬಂದು ನಿಂತಾಗ ಅವರು ಇದನ್ನೆಲ್ಲ ಹೇಳಿದರು. ತಗ್ಗಿದ ದನಿಯಲ್ಲಿ, ಬೇರೆ ಯಾರದೋ ಕತೆಯೆಂಬಂತೆ ಹೇಳಿದರು.

ಅಧಿಕಾರಿ ಚಹಾದ ಲೋಟ ಹಿಡಿದೇ ಬಾಗಿಲ ಕಡೆ ಒಮ್ಮೆ ನೋಡಿದರು. "ನಾನು ಕೇಳಿಸಿಕೊಂಡಿಲ್ಲ ಅಂತ ಇಟ್ಕೊಳ್ಳಿ," ಎಂದರು. "ನೀವು ಬರೆದುಕೊಟ್ಟರೆ ವಿಚಾರಣೆ ಅಂತಾರೆ. ನಿವೃತ್ತಿ ಕಾಗದ ತಡೆ ಹಿಡೀತಾರೆ. ಎರಡು ವರ್ಷ ಮೇಜಿಂದ ಮೇಜಿಗೆ ಅಲೆಸ್ತಾರೆ. ನಿಮ್ಮಂಥವರು ಅಲೆಯೋದನ್ನ ನಾನು ನೋಡಿದ್ದೀನಿ."

"ಓಣಿಯವರ ಗತಿ ಏನು ಮೇಡಂ?"

"ಅರ್ಜಿ ಹಾಕಲಿ."

"ಹಾಕಿದರೆ?"

"ನಕ್ಷೆ ನೋಡ್ತಾರೆ." ಅಧಿಕಾರಿ ಲೋಟ ಕೆಳಗಿಟ್ಟರು. "ನೋಡಿ, ಇಲ್ಲ ಅಂತ ಉತ್ತರ ಕೊಡ್ತಾರೆ. ಬಹುಶಃ ನನ್ನ ಕೈಯಲ್ಲೇ ಬರೆಸ್ತಾರೆ."

ಅವರು ಒಳಗೆ ಹೋದ ಮೇಲೆ ಮೇಷ್ಟ್ರು ಮನೆಗೆ ಫೋನು ಮಾಡಿದರು.

"ಊಟಕ್ಕೆ ಬರೋದು ತಡ ಆಗಬಹುದು."

"ಏನು ಮಾಡ್ಕೊಂಡ್ರಿ?" ಎಂದರು ಹೆಂಡತಿ. ವಿಷಯ ಏನೆಂದು ಅವರಿಗೆ ಗೊತ್ತಿರಲಿಲ್ಲ. ಗಂಡನ ದನಿ ಗೊತ್ತಿತ್ತು.

"ಇನ್ನೂ ಏನೂ ಮಾಡಿಲ್ಲ. ಮಾಡಿದರೆ ನಿವೃತ್ತಿ ಕಾಗದ ಸಿಕ್ಕಿಹಾಕಿಕೊಳ್ತದೆ."

ಆ ಕಡೆ ಪಾತ್ರೆಯೊಂದನ್ನು ಒಲೆಯಿಂದ ಇಳಿಸಿದ ಸದ್ದಾಯಿತು. "ಮಾಡದೆ ಬಂದರೆ?"

ಮೇಷ್ಟ್ರು ಲೋಟದ ತಳದಲ್ಲಿದ್ದ ಚಹಾವನ್ನು ಅಂಗಳಕ್ಕೆ ಚೆಲ್ಲಿದರು.

"ಮಾಡದೆ ಬಂದರೆ ಮೂರು ದಿನ ಗೋಡೆ ನೋಡ್ಕೊಂಡು ಕೂರ್ತೀರ. ಅನ್ನ ಕಲಸಿಟ್ಟು ಮರೀತೀರ. ಆ ಮುಖ ನೋಡೋಳು ನಾನು. ಅದೇನು ಮಾಡಬೇಕೋ ಮಾಡಿ ಬನ್ನಿ, ಅನ್ನ ಬಿಸಿ ಮಾಡಿ ಬಡಿಸ್ತೀನಿ."

ಬಿಡುವಿನ ನಂತರ ದರ್ಜಿ ತನ್ನ ಅಂಗಡಿಯ ಫಲಕದ ಬಣ್ಣದ ಬಗ್ಗೆ ಹೇಳಿದ. ಗಿರಣಿಯವರು ಲಾರಿ ತಿರುಗಲು ಜಾಗ ಕೇಳಿದರು. ಅಜ್ಜಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ತಪ್ಪಿದವರ ಹಾಗೆ ಕೂತಿದ್ದಳು. ಇನ್ನು ಯಾರಾದರೂ ಇದ್ದೀರಾ ಎಂದು ಅಧಿಕಾರಿ ಕೇಳಿದರು. ಕೇಳುವಾಗ ಅವರು ನಕ್ಷೆಯ ಕಡೆ ನೋಡಲಿಲ್ಲ.

ಮೇಷ್ಟ್ರು ಕೋಲನ್ನು ಗೋಡೆಗೆ ಆನಿಸಿ ಮೈಕಿನ ಮುಂದೆ ಬಂದರು. ಮನಸ್ಸಿನಲ್ಲೇ ದೇವರನ್ನು ನೆನೆಯಲು ಹೋದರು. ಸಾಕಪ್ಪಾ ಎಂಬುದೇ ಬಂತು. ಪ್ರಾರ್ಥನೆಗೆ ಅದೂ ನಡೆದೀತು ಅನ್ನಿಸಿತು.

"ನಾನು ಸಾರ್ವಜನಿಕರಲ್ಲಿ ಸೇರಿದವನಲ್ಲ," ಎಂದರು. "ಆದರೂ ಒಂದು ಮಾತು ಬರೆದುಕೊಳ್ಳಿ. ಗಿರಣಿಯ ಹಿಂದೆ ನಕ್ಷೆಯಲ್ಲಿ ಒಂದೇ ಗೋಡೆ ಇದೆ. ನೆಲದ ಮೇಲೆ ಎರಡು ಗೋಡೆ, ನಡುವೆ ಓಣಿ. ಎರಡನ್ನು ಒಂದು ಮಾಡಿದವನು ನಾನು. ಹಾಳೆ ಹೊಂದಲಿಲ್ಲ, ಹೋಗಿ ನೋಡಲಿಲ್ಲ. ಗೊತ್ತಿದ್ದೇ ಎಳೆದ ಗೆರೆ ಅದು."

ಬಾಗಿಲ ಹತ್ತಿರದಿಂದ ಅಜ್ಜಿ ಕೇಳಿದಳು, "ಹಾಗಾದ್ರೆ ನನ್ನ ಕಣ್ಣು ಸರಿ ಇದೆಯಾ ತಮ್ಮಾ?"

"ಸರಿ ಇದೆ ಅಮ್ಮಾ."

"ಹಂ," ಎಂದಳು ಅಜ್ಜಿ. ಅಷ್ಟೇ.

ಅಧಿಕಾರಿ ಪೆನ್ನನ್ನು ಎರಡು ಸಲ ಮೇಜಿಗೆ ಕುಟ್ಟಿದರು. "ಬಾಯಿಮಾತು ನಿಲ್ಲೋದಿಲ್ಲ. ಅಳತೆ ಬೇಕು, ನಿಮ್ಮ ಸಹಿ ಬೇಕು, ಐದರೊಳಗೆ. ಪುಸ್ತಕ ಮುಚ್ಚೋವರೆಗೆ ನಾನು ಇಲ್ಲೇ ಇರ್ತೀನಿ."

ಮೇಷ್ಟ್ರು ಅಳತೆ ಟೇಪಿನ ಚಕ್ರ ಹೆಗಲಿಗೆ ಹಾಕಿಕೊಂಡು ಅಜ್ಜಿಯ ಹಿಂದೆ ಹೊರಟರು. ಟ್ಯಾಂಕು, ಅಂಚೆ ಕಚೇರಿ, ಗಿರಣಿ. ಗಿರಣಿಯ ಮೂಲೆಯಲ್ಲಿ ಅಜ್ಜಿ ನಿಂತಳು.

"ಇಲ್ಲಿಂದ ಎಂಟು ಹೆಜ್ಜೆ. ಒಂದು ದಿನ ಬಂದು ನೋಡಬಹುದಿತ್ತು."

"ನೋಡಬಹುದಿತ್ತು," ಎಂದರು ಮೇಷ್ಟ್ರು.

ಎಡಕ್ಕೆ ತಿರುಗಿದರೆ ಓಣಿ. ಅಗಲ ಕಡಿಮೆ, ಉದ್ದ ಕಣ್ಣಿಗೆ ನಿಲುಕದಷ್ಟು, ಮತ್ತು ಎಳೆದು ಕಟ್ಟಿದಷ್ಟು ನೇರ. ಇಷ್ಟು ನೇರವಾದ ಗೆರೆಯನ್ನು ತಾವು ಕೈಯಲ್ಲಿ ಎಂದೂ ಎಳೆದಿಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಹಗ್ಗ ಹೊಸೆಯಲು ಬೇಕಾದಷ್ಟು ಉದ್ದಕ್ಕೆ ಓಣಿಯನ್ನು ಬಿಟ್ಟು, ಉಳಿದ ಜಾಗದಲ್ಲಿ ಮನೆಗಳು ಒತ್ತಿಕೊಂಡು ಕೂತಿದ್ದವು. ಒಂದು ತುದಿಯಲ್ಲಿ ಹೆಂಗಸೊಬ್ಬಳು ಹಗ್ಗ ಹೊಸೆಯುವ ಚಕ್ರ ತಿರುಗಿಸುತ್ತಿದ್ದಳು. ಮುದುಕನೊಬ್ಬ ಸೊಂಟಕ್ಕೆ ನಾರಿನ ಹೊರೆ ಕಟ್ಟಿಕೊಂಡು, ಎಳೆ ಬಿಡುತ್ತಾ ಬಿಡುತ್ತಾ, ಹಿಂದೆ ತಿರುಗಿ ನೋಡದೆ ಹಿಂದಕ್ಕೇ ನಡೆದು ಹೋಗುತ್ತಿದ್ದ. ಗಾಳಿಯಲ್ಲಿ ನಾರಿನ ದೂಳು ತೇಲುತ್ತಿತ್ತು.

"ಅವನಿಗೆ ಎಡವೋ ಭಯ ಇಲ್ಲವೇ?"

"ಎಪ್ಪತ್ತು ವರ್ಷದಿಂದ ಹೀಗೇ ನಡೀತಾನೆ. ಮುಂದಕ್ಕೆ ನಡೆದರೇನೇ ಎಡವೋದು," ಎಂದಳು ಅಜ್ಜಿ. "ನಿನ್ನ ಪಟ್ಟಿಯ ತುದಿ ಕೊಡು ಇತ್ತ. ಎಷ್ಟುದ್ದ ಅದು?"

"ಮೂವತ್ತು ಮೀಟರು."

"ಸಾಕಾಗೋದಿಲ್ಲ. ಮೂರು ಸಲ ಹಿಡೀಬೇಕಾಗ್ತದೆ, ಮೇಲೊಂದಿಷ್ಟು."

ಮೊದಲ ಮೂವತ್ತಕ್ಕೆ ಮೇಷ್ಟ್ರು ನೆಲದಲ್ಲಿ ಮೊಳೆ ಊರಿದರು. ಎರಡನೆಯದಕ್ಕೆ ಬಗ್ಗಿದಾಗ ಸೊಂಟ ಹಿಡಿದುಕೊಂಡಿತು. ಒಂದು ಮನೆಯ ಹೊಸ್ತಿಲ ಮೇಲೆ ಕೂತು ಸುಧಾರಿಸಿಕೊಂಡರು. ಒಳಗಿನಿಂದ ಯಾರೋ ನೀರು ತಂದುಕೊಟ್ಟರು, ಯಾರು ಏನು ಎಂದು ಕೇಳಲಿಲ್ಲ. ಬಾಗಿಲುಗಳನ್ನು ಎಣಿಸುತ್ತಾ ಹೋದರು. ಹನ್ನೊಂದು. ಗಡಿಯಾರ ನೋಡಿದರು. ನಾಲ್ಕಾಗಲು ಹತ್ತು ನಿಮಿಷ.

"ಇಬ್ಬರಿಗೂ ಮುಖ ಕಾಣದಷ್ಟು ದೂರ ಹೋದ ಮೇಲೆ," ಎಂದಳು ಅಜ್ಜಿ, ನಾಲ್ಕನೆಯ ಸಲಕ್ಕೆ ಸಿದ್ಧವಾಗುತ್ತಾ, "ನಾವು ಕೂಗಾಡೋದಿಲ್ಲ. ಒಂದು ಸಲ ಜಗ್ಗಿದರೆ ಹಿಡಕೋ ಅಂತ. ಎರಡು ಸಲ ಜಗ್ಗಿದರೆ ಬಿಡು ಅಂತ. ತಿಳೀತಾ?"

"ತಿಳೀತು."

ಮೇಷ್ಟ್ರು ಮೂರನೆಯ ಮೊಳೆಯ ಹತ್ತಿರ ಮಂಡಿಯೂರಿ ಟೇಪಿನ ಚಕ್ರ ಹಿಡಿದರು. ಅಜ್ಜಿ ತುದಿ ಹಿಡಿದು, ಅವರ ಕಡೆಗೇ ಮುಖ ಮಾಡಿ, ಹಿಂದಕ್ಕೆ ನಡೆಯತೊಡಗಿದಳು. ಟೇಪು ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತಾ ಹೋಯಿತು. ಇಳಿಬಿಸಿಲು ಓಣಿಯ ಆ ತುದಿಯಿಂದ ನೇರ ಕಣ್ಣಿಗೆ ಬೀಳುತ್ತಿತ್ತು. ದೂಳಿನ ನಡುವೆ ಮೊದಲು ಅವಳ ಮುಖ ಮಸುಕಾಯಿತು, ಆಮೇಲೆ ಸೀರೆಯ ಬಣ್ಣ, ಆಮೇಲೆ ಬೆಳಕೊಂದೇ ಉಳಿಯಿತು. ಟೇಪು ನಿಂತಿತು. ಸ್ವಲ್ಪ ಹೊತ್ತು ಸಡಿಲವಾಗಿ ನೆಲಕ್ಕೆ ಜೋತುಬಿದ್ದಿತ್ತು.

ಆ ತುದಿಯಿಂದ ಒಂದು ಸಲ ಜಗ್ಗಿತು. ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದುಕೊಂಡರು.