ಅಂಟುಪಟ್ಟಿ

ಸತ್ಯಬೋಧನನ್ನು ಕಂಡರೆ ನನಗಾಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಸುಮಾ ಟೀಚರ್ ಒಳ್ಳೆಯವಳ ಹಾಗೆ ನಾಟಕ ಮಾಡಿದಳು ಅನ್ನಿಸಿಕೊಳ್ಳುವುದು ಬೇಡ.

ಹುನಗುಂದದ ಒಂದು ಹೈಸ್ಕೂಲಿನಲ್ಲಿ ನಾನು ಒಂಬತ್ತು ವರ್ಷ ಕ್ರಾಫ್ಟ್ ಟೀಚರ್. ಕಾಯಂ ಅಲ್ಲ. ಜೂನ್‌ನಲ್ಲಿ ಹೊಸ ಆರ್ಡರ್ ಬಂದರೆ ಇದ್ದೆ, ಇಲ್ಲದಿದ್ದರೆ ಇಲ್ಲ. ಇಳಕಲ್ಲಿನಿಂದ ದಿನಾ ಬಸ್ಸಿಗೆ ಬಂದು, ಬಾದಾಮಿಯ ಭೂತನಾಥ, ಐಹೊಳೆಯ ದುರ್ಗದ ಗುಡಿ ಎಲ್ಲವನ್ನೂ ಸ್ಕೇಲು ಪೆನ್ಸಿಲ್ಲಿನಿಂದ ಹಾಳೆಯ ಮೇಲೆ ಬಿಡಿಸಿ, ಮಕ್ಕಳ ಕೈಯಿಂದ ಕತ್ತರಿಸಿ ನಿಲ್ಲಿಸುತ್ತಿದ್ದೆ.

೨೦೦೬ರಲ್ಲಿ ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದವು, ಅವುಗಳ ಬೆನ್ನಿಗೆ ಕಂಪ್ಯೂಟರ್ ಮಾಸ್ತರ್ ಸತ್ಯಬೋಧ ಬಂದ. ಬಂದ ತಿಂಗಳಿಗೇ ಹೆಡ್‌ಮಾಸ್ತರ್ ಕೃಷ್ಣಾಜಿಯವರ ಕಿವಿ ಊದಿದ.

"ಕಾಗದದ ಗುಡಿ ಈಗ ಕಂಪ್ಯೂಟರ್‌ನ್ಯಾಗ ಮಾಡ್ತಾರ್ರಿ ಸರ್. ಒಂದು ಪಿರಿಯಡ್ ಸಲುವಾಗಿ ಇನ್ನೊಬ್ಬರು ಯಾಕ ಬೇಕು?"

ನನ್ನೆದುರಿಗೇ ಹೇಳಿದ. ಇನ್ನೊಬ್ಬರು ಎಂದರೆ ನಾನು.

ಕೃಷ್ಣಾಜಿಯವರು ನ್ಯಾಯ ಹೇಳುವವರಂತೆ ಕನ್ನಡಕ ತೆಗೆದಿಟ್ಟರು. "ಇಬ್ಬರೂ ಗುಡಿ ಮಾಡಲಿಕ್ಕೆ ಒಂದೊಂದು ಸಾಫ್ಟ್‌ವೇರ್ ಆರಿಸಿಕೊಂಡು ಬರ್ರಿ. ಎಂಟನೇತ್ತಾ ಮಕ್ಕಳು ಹೊಸಬರು, ಅವರಿಗೆ ಸಲೀಸಾಗಬೇಕು. ಯಾರದು ಛಲೋ ಅನಸ್ತದೋ ಅದನ್ನ ಇಟ್ಟುಕೊಳ್ಳೋಣು. ಜೂನ್ ಆರ್ಡರ್ ಆಮ್ಯಾಲೆ ನೋಡೋಣು."

"ಸುಮಾ ಬಾಯಾರಿಗೆ ಮೌಸ್ ಹಿಡೀಲಿಕ್ಕೆ ಬರ್ತದೇನ್ರಿ?" ಎಂದು ಸತ್ಯಬೋಧ ನಕ್ಕ.

ಬರುತ್ತಿರಲಿಲ್ಲ. ಅದಕ್ಕೇ ಮೈಯೆಲ್ಲ ಉರಿದುಹೋಯಿತು.

ಮೂರು ಭಾನುವಾರ ಇಳಕಲ್ಲಿನ ರಾಜಮಹ್ಮದನ ಸೈಬರ್ ಕೆಫೆಯಲ್ಲಿ ಕೂತು ಕಲಿತೆ. ಅವನು ಎರಡು ಸಾಫ್ಟ್‌ವೇರ್ ಇಳಿಸಿಕೊಟ್ಟ. ಗುಡಿಯನ್ನು ಪರದೆಯ ಮೇಲೆ ಕಟ್ಟಿದರೆ, ಕತ್ತರಿಸಿ ಅಂಟಿಸುವ ಹಾಗೆ ತುಂಡು ಮಾಡಿ ಕೊಡುತ್ತವೆ. ಮೊದಲನೆಯದರಲ್ಲಿ ಗುಡಿ ಗಿರಗಿರ ತಿರುಗುತ್ತಿತ್ತು, ಬಣ್ಣವೇನು, ನೆರಳೇನು.

"ಇದನ್ನ ತಗೊಳ್ರಿ ಅಕ್ಕೋರ. ನಿಮ್ಮ ಸತ್ಯಬೋಧ ಸರ್ ಮೊನ್ನೆ ಇದನ್ನ ಒಯ್ದಾರ."

ಪ್ರಿಂಟ್ ತೆಗೆಸಿ ನೋಡಿದೆ. ಗೋಡೆ, ಶಿಖರ, ಎಲ್ಲ ಬಿಡಿಬಿಡಿ.

"ಅಂಟು ಹಚ್ಚಾಕ ಪಟ್ಟಿ ಎಲ್ಲೈತಿ?"

"ಪಟ್ಟಿ ಅಂದ್ರ?" ಎಂದ ರಾಜಮಹ್ಮದ.

ನಾನು ನೇಕಾರರ ಮಗಳು. ನಮ್ಮವ್ವ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದನ್ನು ನೋಡುತ್ತ ಬೆಳೆದವಳು. ಕೂಡಿಸಲಿಕ್ಕೆಂದು ಅಂಚಿನಲ್ಲಿ ಒಂದಿಷ್ಟು ಹೆಚ್ಚಿಗೆ ಬಿಡದೆ ಯಾವ ಎರಡು ತುಂಡೂ ಕೂಡುವುದಿಲ್ಲ. ಎರಡನೆಯ ಸಾಫ್ಟ್‌ವೇರ್ ನೋಡಲು ಬೋಳು, ಆದರೆ ಅಂಟಿಸುವ ಕಡೆಯೆಲ್ಲ ಪಟ್ಟಿ ಬಿಟ್ಟಿತ್ತು. ಪಟ್ಟಿಯ ಮೇಲೊಂದು ಅಂಕಿ, ಅದು ಕೂಡುವ ಅಂಚಿನ ಮೇಲೂ ಅದೇ ಅಂಕಿ. ಏಳಕ್ಕೆ ಏಳು, ಎಂಟಕ್ಕೆ ಎಂಟು. ಅದನ್ನೇ ಆರಿಸಿದೆ. ಪ್ರಿಂಟನ್ನು ಲಗ್ನಪತ್ರಿಕೆಯ ದಪ್ಪ ಹಾಳೆಯ ಮೇಲೆ ತೆಗೆಸಿದೆ. ತೆಳು ಹಾಳೆಯ ಗುಡಿ ಎರಡು ದಿನಕ್ಕೆ ಕುಸಿಯುತ್ತದೆ. ಇದು ಯಾವ ಸಾಫ್ಟ್‌ವೇರಿಗೂ ಗೊತ್ತಿರಲಿಲ್ಲ.

ಪಟ್ಟಿಯ ವಿಷಯ ಸತ್ಯಬೋಧನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಬೀಳಲಿ ಮಗ ಅಂದುಕೊಂಡೆ.

ಶುಕ್ರವಾರ ಎಂಟನೇ ತರಗತಿಯನ್ನು ಎರಡು ಪಾಲು ಮಾಡಿದರು. ಅವನ ಪಾಲಿನ ಮಕ್ಕಳು ಗೋಡೆಗೆ ಗೋಡೆ ತಾಗಿಸಿ ಗೋಂದು ಮೆತ್ತಿದರು. ಕೈಬಿಟ್ಟರೆ ಬಿತ್ತು, ಹಿಡಿದರೆ ಬೆರಳಿಗೆ ಅಂಟಿತು. ಕೊನೆಗೆ ಅವನೇ ಬೆವರುತ್ತ ಸೆಲೋಟೇಪ್ ಸುತ್ತಿದ.

"ಯಾಕ್ರಿ ಸರ್, ಗುಡಿಗೆ ಬ್ಯಾಂಡೇಜ್ ಕಟ್ಟಾಕತ್ತೀರಿ? ಭಾಳ ಪೆಟ್ಟಾಗೇತೇನು?" ಎಂದೆ.

ಅವನು ಹಲ್ಲು ಕಡಿದ. ನನಗೆ ಹೊಟ್ಟೆ ತಣ್ಣಗಾಯಿತು.

ನನ್ನ ಪಾಲಿನಲ್ಲಿ ಸದ್ದೇ ಇಲ್ಲ. ಗಂಟೆ ಹೊಡೆಯುವ ಮೊದಲೇ ಆರು ಗುಡಿಗಳು ಎದ್ದುನಿಂತವು. ಬನಶಂಕರಿ ಎಂಬ ಹುಡುಗಿ, ಕತ್ತರಿ ಹಿಡಿಯಲೂ ನನ್ನ ಸೆರಗು ಜಗ್ಗುತ್ತಿದ್ದವಳು, ತನ್ನ ಗುಡಿಯನ್ನು ಅಂಗೈಯಲ್ಲಿಟ್ಟುಕೊಂಡು ಓಡಿಬಂದಳು.

"ಅಕ್ಕೋರ, ನಿಮ್ಮನ್ನ ಒಂದ್ ಸಲನೂ ಕೇಳಲಿಲ್ಲ ನೋಡ್ರಿ. ನಾನ ಮಾಡೀನಿ."

ಕೃಷ್ಣಾಜಿಯವರು ಅದನ್ನು ಕೇಳಿಸಿಕೊಂಡರು. ಗುಡಿಯನ್ನು ತಿರುಗಿಸಿ ನೋಡಿದರು.

"ಭಾಳ ಛಲೋ ಆರಿಸೀರಿ ಬಾಯಾರ. ನಿಮ್ಮದನ್ನ ಇಟ್ಟುಕೊಳ್ಳೋಣು." ಕನ್ನಡಕ ಒರೆಸಿಕೊಂಡರು. "ಇದರಾಗ ಕಲಿಸೋದೇನೂ ಉಳಿದಿಲ್ಲ. ಸತ್ಯಬೋಧ ಪ್ರಿಂಟ್ ತೆಗೆದು ಹಂಚಿದರ ಸಾಕು."

ಗೆದ್ದವಳು ನಾನು. ಸತ್ಯಬೋಧ ನಗಲೂ ಇಲ್ಲ; ನಕ್ಕಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಕೈ ಚಾಚಿ ನನ್ನ ಸಾಫ್ಟ್‌ವೇರಿನ ಸಿಡಿ ಕೇಳಿದ. ಮೇಜಿನ ಮೇಲೆ ಒಗೆದೆ.

"ಮತ್ತ ಬಾಯಾರ, ನಿಮ್ಮ ಹಾಳಿ ಗಟ್ಟಿ ಅದ ನೋಡ್ರಿ, ಅದು ಯಾವುದು?" ಎಂದು ಮೆಲ್ಲಗೆ ಕೇಳಿದ.

"ಅದಕ್ಕ ನಂಬರ್ ಹಾಕಿಲ್ಲೇನು?" ಎಂದು ಚೀಲ ತಗೊಂಡು ಹೊರಬಿದ್ದೆ.

ಜೂನ್‌ನಲ್ಲಿ ನನಗೆ ಆರ್ಡರ್ ಬರಲಿಲ್ಲ. ಹಾಳೆ ಯಾವುದೆಂದು ಅವನಿಗೆ ಇವತ್ತಿಗೂ ಹೇಳಿಲ್ಲ.