ಅಡ್ಡ ಇಟ್ಟ ಸೊಪ್ಪು

ಜರೀಗಿಡದ ಹಿಂದೆ ಏನೋ ಹೊಳೆಯಿತು, ತಗಡಿನ ಡಬ್ಬಿಯೇ ಇರಬೇಕು, ಅಲ್ಲ, ನೀರು, ಎಲೆಯ ಮೇಲೆ ನಿಂತ ನೀರು, ಟಿವಿಯೊಳಗಿನ ಕಾಡಿನಲ್ಲಿ ಈಗಷ್ಟೇ ಮಳೆ ಬಿಟ್ಟಿದೆ, ಹೊರಗೆ ಕೊಳ್ಳೇಗಾಲದಲ್ಲಿ ಮೂರು ಗಂಟೆಯ ಬಿಸಿಲು, ಪಕ್ಕದ ಮನೆಯ ಮಗ್ಗ ಟಕಟಕ ಅನ್ನುತ್ತಲೇ ಇದೆ — ಮೆಲ್ಲಗೆ, ಕೈಯಲ್ಲಿರುವ ಗೇಮಿನ ರಿಮೋಟಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಬೇಕು, ಮೊದಮೊದಲು ಹೀಗೆ ಒತ್ತಿದರೆ ಗೇಮಿನೊಳಗಿನ ಹುಡುಗಿ ಓಡಿಬಿಡುತ್ತಿದ್ದಳು, ನಾನು ಅಯ್ಯೋ ಅನ್ನುತ್ತಿದ್ದೆ, ಅದನ್ನು ನೋಡಿ ಪವಿತ್ರ ಏನೋ ಮಾಡಿ ಓಟವನ್ನೇ ತೆಗೆದಳು, ಎರಡು ಗುಂಡಿಗಳ ಮೇಲೆ ತನ್ನ ಬಿಂದಿ ಅಂಟಿಸಿದಳು, ಚಿಕ್ಕಜ್ಜಿ, ಕೆಂಪು ನೋಡೋಕೆ, ಹಸಿರು ಎತ್ಕೊಳ್ಳೋಕೆ, ಬೇರೆ ಯಾವ್ದೂ ಮುಟ್ಬೇಡಿ ಅಂದಳು. ಪವಿತ್ರ ನನ್ನ ಅಕ್ಕ ಪುಟ್ಟಮಾದಮ್ಮನ ಮೊಮ್ಮಗಳು, ಇಲ್ಲಿ ನನ್ನ ಜೊತೆಗಿದ್ದು ಕಾಲೇಜಿಗೆ ಹೋಗುತ್ತಾಳೆ, ಗೇಮು ಅವಳದು, ಈಗ ಕಾಲೇಜಿನಲ್ಲಿದ್ದಾಳೆ, ಆಡುವವಳು ನಾನು, ಎಪ್ಪತ್ತೆರಡು ವರ್ಷದ ರಿಟೈರ್ಡ್ ಮೇಷ್ಟ್ರಮ್ಮ, ನೋಡುವವಳು ಅಕ್ಕ, ಕಣ್ಣಿನ ಪೊರೆ ತೆಗೆಸಿ ಎಂಟು ದಿನ, ಕಪ್ಪು ಕನ್ನಡಕ ಹಾಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ, ನಾಳೆ ಬೆಳಗಿನ ಬಸ್ಸಿಗೆ ಲೊಕ್ಕನಹಳ್ಳಿಗೆ ಹೊರಟುಬಿಡುತ್ತಾಳೆ, ನಾಳೆ, ಅಷ್ಟರೊಳಗೆ ಹೇಳಬೇಕು, ಎಂಟು ದಿನದಿಂದ ಬಾಯಿಗೆ ಬಂದದ್ದು ಹಾಗೇ ಒಳಕ್ಕೆ ಹೋಗುತ್ತಿದೆ, ಎಂಟು ದಿನವೇನು, ಅರವತ್ತನಾಲ್ಕು ವರ್ಷ.

ಈ ಆಟದಲ್ಲಿ ಕೊಲ್ಲುವುದಿಲ್ಲ, ಅಟ್ಟಿಸಿಕೊಂಡು ಬರುವವರಿಲ್ಲ, ತೀರಿಹೋದ ತಾಯಿ ಕಾಡಿನಲ್ಲಿ ಅಲ್ಲಲ್ಲಿ ಡಬ್ಬಿಗಳಲ್ಲಿ ಕಾಗದ ಬರೆದಿಟ್ಟಿದ್ದಾಳೆ, ಮಗಳು ನಡೆಯುತ್ತಾ ಒಂದೊಂದಾಗಿ ಹುಡುಕುತ್ತಾಳೆ, ಅಷ್ಟೇ ಕಥೆ, ಕಾಗದವೆಲ್ಲ ಇಂಗ್ಲಿಷು, ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ, ಅಕ್ಕ ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ಬಿಟ್ಟವಳಲ್ಲ, ಬಿಡಿಸಿದ್ದು. ಈ ಹೆಣ್ಗೆ ಮನೇಲಿ ಯೋಳೋರು ಕೇಳೋರು ಯಾರೂ ಇಲ್ವಾ, ಬೆಳಗ್ಗಿಂದ ತಿರುಗ್ತಾನೇ ಅವ್ಳಲ್ಲ, ಅಂದಳು ಮೊದಲ ದಿನ, ಮರುದಿನ ಊಟ ಮುಗಿಯುವ ಮೊದಲೇ ಟಿವೀಲಿ ಆಕಮ್ಮಿ ಆ ಕಾಡ ಅಂದಳು. ನನಗೂ ಅದೇ ಹುಚ್ಚು, ಮಂಡಿ ನೋಯುವುದಿಲ್ಲ, ಒಂದು ಮರದ ಕೆಳಗೆ ಸುಮ್ಮನೆ ನಿಂತರೆ ಗಾಳಿ ಬೀಸುತ್ತದೆ, ಯಾವುದೋ ಹಕ್ಕಿ ಕೂಗುತ್ತದೆ, ಯಾಕೆ ನಿಂತೆ ಅಂತ ಯಾರೂ ಕೇಳುವುದಿಲ್ಲ, ನಮ್ಮ ಕಾಲದಲ್ಲಿ ಹೆಣ್ಣು ಮನೆಯಿಂದಾಚೆ ಕಾಲಿಡಲು ಏನಾದರೊಂದು ಬೇಕಿತ್ತು, ಬಿಂದಿಗೆಯೋ ಸೌದೆಯೋ ಕಳೆದುಹೋದ ಕರುವೋ, ಅಲ್ಲಿ ಏನಿದೆ ನೋಡಿ ಬರ್ತೀನಿ ಅಂತ ಹೇಳಿ ಹೋದ ಹೆಂಗಸನ್ನು ನಾನು ಕಂಡದ್ದೇ ಇಲ್ಲ.

ದಾರಿ ಎರಡಾಯಿತು. ಎಡಕ್ಕೆ ಇಳಿಜಾರು, ಕೆಳಗೆಲ್ಲೋ ನೀರಿನ ಸದ್ದು, ಬಲಕ್ಕೆ ಬಯಲು, ನನ್ನ ಹೆಬ್ಬೆರಳು ನಿಂತುಹೋಯಿತು, ಹುಡುಗಿಯೂ ನಿಂತಳು, ಉಸಿರಾಡುತ್ತಾ ನಿಂತಿದ್ದಾಳೆ, ಯಾಕಮ್ಮಿ ನಿಂತ್ಕಂಡೆ ಓಗು ಅಂದಳು ಅಕ್ಕ, ಹೋಗುತ್ತೀನಕ್ಕ — ನಾವು ಹುಟ್ಟಿದ ಊರಿನಲ್ಲಿಯೂ ಹೀಗೇ, ಸ್ಕೂಲಿನಿಂದ ಬರುವಾಗ ಹುಣಸೇಮರ ದಾಟಿದರೆ ಬಲಕ್ಕೆ ಊರು, ಎಡಕ್ಕೆ ಹಳ್ಳ ಸುತ್ತಿಕೊಂಡು ಬರುವ ದಾರಿ, ಆನೆ ಇಳಿದ ದಿನ ದನ ಕಾಯುವವರು ಆ ದಾರಿಗೆ ಅಡ್ಡ ಹಸಿ ಸೊಪ್ಪು ಇಟ್ಟು ಮೇಲೊಂದು ಕಲ್ಲು ಹೇರುತ್ತಿದ್ದರು, ಹಿಂದೆ ಬರುವವರು ಅದನ್ನು ನೋಡಿ ಇನ್ನೊಂದರಲ್ಲಿ ಹೋಗಬೇಕು, ನನಗೆ ಎಂಟು, ಅಕ್ಕನಿಗೆ ಹನ್ನೊಂದು, ಕಸ ಗುಡಿಸುವ ಸರದಿ ಅಂತ ಅವಳು ಸ್ಕೂಲಿನಲ್ಲೇ ಉಳಿದಳು, ನನಗೆ ಹಸಿವು, ಒಬ್ಬಳೇ ಬಂದೆ, ಚಿಕ್ಕಸಿದ್ದಯ್ಯ ದನ ಅಟ್ಟಿಕೊಂಡು ಓಡುತ್ತಾ ಮಗಾ, ಅಳ್ಳದಲ್ಲಿ ಆನೆ ಅವೆ, ಸೊಪ್ಪು ಇಟ್ಟು ಮನೆಗೋಗು ಅಂದ, ಹೊಂಗೆ ಟೊಂಗೆ ಮುರಿದೆ, ನಾನು ಹೋಗುವ ದಾರಿಗೇ ಇಟ್ಟೆ, ಊರಿನ ದಾರಿಗೆ, ಕಲ್ಲೂ ಹೇರಿದೆ, ದಾಟಿಕೊಂಡು ಓಡಿದೆ, ಸೊಪ್ಪು ತಪ್ಪು ದಾರಿಗಿಟ್ಟದ್ದು ಮುದ್ದೆ ತಿನ್ನುವಾಗ ಹೊಳೆಯಿತು, ಹೊಳೆದರೂ ಬಾಯಿ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಚಿಕ್ಕಸಿದ್ದಯ್ಯನೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದ, ಅಕ್ಕ ಅಪ್ಪನ ಮುಂದೆ ನಿಂತು ನೆಲ್ಲಿಕಾಯಿಗೆ ಓಗಿದ್ದೆ ಅಂದಳು, ಅಷ್ಟೇ, ಮರುದಿನದಿಂದ ಅವಳಿಗೆ ಸ್ಕೂಲಿಲ್ಲ, ನನ್ನನ್ನು ಕೊಳ್ಳೇಗಾಲದ ಅತ್ತೆಯ ಮನೆಗೆ ಕಳಿಸಿದರು, ಚಿಕ್ಕೋಳಾದ್ರೂ ಓದ್ಲಿ ಅಂತ, ಆಮೇಲೆ ಮೈಸೂರು, ಬಿ.ಎ., ಮೂವತ್ತೊಂದು ವರ್ಷ ಸೀಮೆಸುಣ್ಣ.

ಪವಿತ್ರ ಇಟ್ಟುಹೋದ ಅಲಾರಂ ಹೊಡೆಯಿತು, ಕಣ್ಣಿಗೆ ಔಷಧಿಯ ಹೊತ್ತು, ಕನ್ನಡಕ ತೆಗೆದು ತಲೆ ಹಿಂದಕ್ಕೆ ವಾಲಿಸಿ ಒಂದು ತೊಟ್ಟು ಬಿಟ್ಟೆ, ಐದು ನಿಮಿಷ ಕಣ್ಣು ಮುಚ್ಚಿರಬೇಕು, ಅಕ್ಕ ಮುಚ್ಚಿದಳು, ನನ್ನನ್ನು ನೋಡುವವರು ಯಾರೂ ಇಲ್ಲ ಈಗ, ಈಗಲೇ — ಅಕ್ಕ, ಅವತ್ತು ಆ ಸೊಪ್ಪು ಇಟ್ಟಿದ್ದು ನಾನು, ತಪ್ಪಿ ಮನೆ ದಾರಿಗೆ ಇಟ್ಟುಬಿಟ್ಟೆ. ಮಗ್ಗ ಹೊಡೆಯುತ್ತಿದೆ, ಟಿವಿಯ ಹುಡುಗಿ ಉಸಿರಾಡುತ್ತಿದ್ದಾಳೆ. ಗೊತ್ತು ಕಣಮ್ಮಿ, ಅಂದಳು, ಸೊಪ್ಪಿನಾಚೆಗೆ ಮಣ್ಣಲ್ಲಿ ನಿನ್ನ ಎಜ್ಜೆ ಗುರುತು ಇತ್ತಲ್ಲ, ಕಾಲೆಬ್ಬೆಟ್ಟ ಒಳಕ್ಕೆ ತಿರುಗುಸ್ಕಂಡು ನಡೀತಿದ್ದೆ, ನಿನ್ನೆಜ್ಜೆ ನಂಗೆ ಗೊತ್ತಾಗಲ್ವಾ. ಗೊತ್ತಿದ್ದೂ ಯಾಕೆ ಹಳ್ಳಕ್ಕೆ ಹೋದೆ ಅಂದೆ. ದಿನಾ ಅನ್ನುಸ್ತಿತ್ತು ಅಲ್ಲೇನದೆ ಅಂತ, ಅತ್ಲಾಗೆ ಕಾಲಿಟ್ರೆ ಬಯ್ಯೋರು, ಅವತ್ತು ಸೊಪ್ಪೇ ಓಗು ಅಂತು, ಇನ್ಯಾರು ಬಯ್ತಾರೆ ಅನ್ಕಂಡೆ. ಹಾಗಾದರೆ ಅಪ್ಪನಿಗೆ ಅದನ್ನೇ ಹೇಳಬಹುದಿತ್ತಲ್ಲ, ಸೊಪ್ಪು ಇತ್ತು ಅಂತ, ನೆಲ್ಲಿಕಾಯಿ ಅಂತ ಯಾಕೆ ಸುಳ್ಳು. ಯೋಳಿದ್ರೆ ನಿನ್ನೂ ಬುಡುಸ್ತಿದ್ರು, ನೀನು ಮನೇಲಿದ್ದು ಏನ್ಮಾಡೀಯಾ, ಕೆಲ್ಸ ಕಾಣೆ, ಬರೀ ಅಳೋಳು. ನಕ್ಕಳು, ಮುಚ್ಚಿದ ಕಣ್ಣಿನ ಅಂಚಿನಿಂದ ಔಷಧಿ ಇಳಿಯಿತು, ಸೆರಗಿನ ತುದಿಯಿಂದ ಒರೆಸಿದೆ. ಸಿದ್ದಯ್ಯಣ್ಣನೂ ಕಂಡಿದ್ದ, ನನ್ನ ಒತ್ಕಂಡು ಬರೋವಾಗ ಸೊಪ್ಪ ಕಲ್ಲ ಎಲ್ಲಾ ಕಾಲಲ್ಲಿ ಪೊದೆಗೆ ತಳ್ಳುಬುಟ್ಟ, ಒಂದ್ಮಾತೂ ಆಡ್ನಿಲ್ಲ. ಅವನೂ. ಇಬ್ಬರೂ. ಮರುದಿನ ನಾನು ಹೋಗಿ ನೋಡಿದಾಗ ದಾರಿ ಬರಿದಾಗಿತ್ತು, ಗಾಳಿಗೆ ಹೋಯಿತೆಂದುಕೊಂಡಿದ್ದೆ, ಕಲ್ಲನ್ನೂ ಗಾಳಿ ಒಯ್ಯುತ್ತದೆಯೇ ಅಂತ ಇಷ್ಟು ವರ್ಷ ಕೇಳಿಕೊಳ್ಳಲಿಲ್ಲ.

ಏನಿತ್ತು ಅಲ್ಲಿ ಅಂದೆ, ಹಳ್ಳದಲ್ಲಿ. ಅಕ್ಕ ಕಣ್ಣು ಬಿಡಲಿಲ್ಲ, ಯಾರ್ಗೂ ಯೋಳಿಲ್ಲ, ನೆಲ್ಲಿಕಾಯಿ ಅಂದ ಮ್ಯಾಲೆ ಎಂಗೆ ಯೋಳೋದು. ಬಂಡೆ ಮ್ಯಾಲೆ ಕೂತಿದ್ದೆ, ಆಚೆ ದಡದಲ್ಲಿ ಆರಾನೆ, ಒಂದು ಮರಿ, ಮರಳೆಲ್ಲ ಲದ್ದಿ, ಲದ್ದಿ ಮ್ಯಾಲೆಲ್ಲ ಅಳದಿ ಚಿಟ್ಟೆ, ಉಚ್ಚೆಳ್ಳು ಊವ ಚೆಲ್ದಂಗೆ, ಮರಿ ಕಾಲೆತ್ತುದ್ರೆ ಎಲ್ಲಾ ಏಳೋವು, ಇಟ್ರೆ ಕೂರೋವು, ಅದಕ್ಕೂ ಗೊತ್ತಾಗೋಯ್ತು, ಬೇಕಂತಲೇ ಎತ್ತೋದು, ನೋಡೋದು. ಬರೀ ಅದೇ. ಹನ್ನೊಂದು ವರ್ಷದವಳು ಒಬ್ಬಳೇ ಬಂಡೆಯ ಮೇಲೆ, ಒಂದು ಸಂಜೆ, ಅದಕ್ಕೆ ತನ್ನ ಸ್ಕೂಲು ತೆತ್ತಳು, ಆ ಸ್ಕೂಲನ್ನು ನನಗೆ ಕೊಟ್ಟಳು, ನಾನು ಭೂಗೋಳ ಪಾಠ ಮಾಡಿದೆ ಮೂವತ್ತೊಂದು ವರ್ಷ, ನಕ್ಷೆಯಲ್ಲಿ ಕೋಲು ಇಟ್ಟು ಇಲ್ಲಿ ನದಿ ಇಲ್ಲಿ ಬೆಟ್ಟ, ಆ ಹಳ್ಳಕ್ಕೆ ಒಂದು ದಿನವೂ ಇಳಿಯಲಿಲ್ಲ, ಈಗ ನನ್ನ ಕಣ್ಣೊಳಗೂ ಮರಿ ಕಾಲೆತ್ತಿತು, ಐದು ನಿಮಿಷ ಆಯಿತೇ ಆಗಲಿಲ್ಲವೇ, ನಾನು ಗಡಿಯಾರ ನೋಡಬೇಕು, ನೋಡುತ್ತಿಲ್ಲ, ಅಕ್ಕನ ಮುಚ್ಚಿದ ರೆಪ್ಪೆಯ ಕೆಳಗೆ ಏನೋ ಅಲುಗುತ್ತಿದೆ, ಮರಿ ಕಾಲೆತ್ತಿತು, ಚಿಟ್ಟೆಗಳೆಲ್ಲ ಎದ್ದವು, ಹಳದಿ, ಅಷ್ಟು ಹಳದಿ, ಕಾಲು ಇನ್ನೂ ಮೇಲೆಯೇ ಇದೆ, ಮೇಲೆಯೇ —